ಬರದ ಸೀಮೆಯ ಮಕ್ಕಳಿಗೆ ಯಾವ ಚಿತ್ರಪುಸ್ತಕ? ಐದು ಪುಸ್ತಕಗಳ ಹೋಲಿಕೆ

ಬಾಯಾರಿದ ಕಾಗೆಯ ಕಥೆಯನ್ನು ಮುಳಬಾಗಿಲು ಕಡೆಯ ಮಕ್ಕಳಿಗೆ ಹೇಳಿದರೆ, "ಅದರ ಹೂಜಿಯ ತಳದಲ್ಲಾದರೂ ನೀರಿತ್ತಲ್ಲ" ಎನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಸಾವಿರ ಅಡಿ ದಾಟಿ ಕೊರೆದರೂ ಬರೀ ಕಲ್ಲುಪುಡಿ ಹಾರುವುದನ್ನು ಬೋರ್‌ವೆಲ್ ಲಾರಿಯ ಪಕ್ಕದಲ್ಲೇ ನಿಂತು ನೋಡಿದ ಮಕ್ಕಳು ಇವರು. ಟೊಮೆಟೊ ಬೆಲೆ ಬಿದ್ದ ವಾರ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಡುತ್ತಾರೆ ಎಂಬುದೂ ಇವರಿಗೆ ಗೊತ್ತು. ಹೀಗಿರುವಾಗ, ಕಷ್ಟಕಾಲದಲ್ಲಿ ಜಾಣತನದಿಂದ ದಾರಿ ಕಂಡುಕೊಂಡವರ ಕಥೆ ಎಂದು ಹಿಂಬದಿ ರಕ್ಷಾಪುಟದಲ್ಲಿ ಅಚ್ಚು ಹಾಕಿಸಿಕೊಂಡ ಪುಸ್ತಕಗಳನ್ನೆಲ್ಲ ಕಣ್ಣು ಮುಚ್ಚಿ ಕೊಂಡು ತರುವಂತಿಲ್ಲ. ಬರೆದವರು ಕಷ್ಟವನ್ನು ಹತ್ತಿರದಿಂದ ಕಂಡವರೋ, ದೂರದಿಂದ ಮರುಗಿದವರೋ ಎಂಬುದನ್ನು ಈ ಮಕ್ಕಳು ಎರಡನೇ ಪುಟಕ್ಕೇ ಹಿಡಿದುಬಿಡುತ್ತಾರೆ.

ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಚಿತ್ರಪುಸ್ತಕ ಓದಿ ಹೇಳುತ್ತಾ ಬಂದವಳು ನಾನು. ಪುಸ್ತಕ ಕೊಳ್ಳಲು ಕೈಗೆ ಬರುವ ಹಣ ಕಡಿಮೆ, ಆದ್ದರಿಂದ ಆರಿಸುವ ಕೆಲಸ ಹೆಚ್ಚು. ಬಣ್ಣ, ಕಾಗದ, ಬಹುಮಾನದ ಮುದ್ರೆ ಇವೆಲ್ಲ ನೋಡಲು ಚೆನ್ನ. ನಾನು ಮೊದಲು ಹುಡುಕುವುದು ಬೇರೆಯದು: ಕಷ್ಟ ನೀಗಿದ್ದು ಹೇಗೆ ಎಂಬುದು ಪುಟದ ಮೇಲೆ ಕಾಣುತ್ತದೆಯೇ? ಯಾವ ಕೈ, ಯಾವ ವಸ್ತುವಿನಿಂದ, ಏನು ಮಾಡಿತು? ದೇವತೆ ಬಂದು ವರ ಕೊಟ್ಟರೆ, ಶ್ರೀಮಂತ ಮಾವ ಬಂದು ಸಾಲ ತೀರಿಸಿದರೆ, ಅದು ಒಳ್ಳೆಯ ಕಥೆಯಾಗಿರಬಹುದು. ಆದರೆ ಅದರಿಂದ ಮಗುವಿಗೆ ಸಿಗುವುದು ಕಾಯುವ ಅಭ್ಯಾಸ ಮಾತ್ರ. ಇನ್ನೊಂದು ವಿಷಯದಲ್ಲೂ ನಾನು ಕಟ್ಟುನಿಟ್ಟು. ಬಡವರನ್ನು ಸದಾ ನಗುವವರನ್ನಾಗಿ ಚಿತ್ರಿಸಿದ ಪುಸ್ತಕ ನನಗೆ ಬೇಡ. ಕೈ ಖಾಲಿಯಾದ ದಿನ ಅಮ್ಮನ ಮುಖ ಹೇಗಿರುತ್ತದೆ ಎಂದು ಗೊತ್ತಿರುವ ಮಗುವಿಗೆ ಆ ನಗು ಸುಳ್ಳೆಂದು ತಿಳಿಯುತ್ತದೆ.

ಈ ಎರಡು ಮಾತನ್ನು ಮುಂದಿಟ್ಟುಕೊಂಡು ಐದು ಪುಸ್ತಕಗಳನ್ನು ನೋಡೋಣ. ಐದೂ ಇಂಗ್ಲಿಷ್ ಪುಸ್ತಕಗಳು. ಭಾಷೆಯ ತೊಡಕನ್ನು ನಿಭಾಯಿಸುವುದು ಹೇಗೆಂದು ಆಮೇಲೆ ಹೇಳುತ್ತೇನೆ.

ನಾಣ್ಯದ ಜಾಡಿ: ‘ಎ ಚೇರ್ ಫಾರ್ ಮೈ ಮದರ್’

ವೆರಾ ಬಿ. ವಿಲಿಯಮ್ಸ್ ಬರೆದು, ಚಿತ್ರವನ್ನೂ ತಾವೇ ಬಿಡಿಸಿ 1982ರಲ್ಲಿ ಹೊರತಂದ ಪುಸ್ತಕ. ಮರುವರ್ಷ ಅಮೆರಿಕದ ಚಿತ್ರಪುಸ್ತಕಗಳಿಗೆ ಕೊಡುವ ಕ್ಯಾಲ್ಡೆಕಾಟ್ ಗೌರವ ಇದಕ್ಕೆ ಸಂದಿತು. ನನ್ನ ಮೆಚ್ಚಿನದು ಇದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾತುಗಳನ್ನು ಅದಕ್ಕೆ ತಕ್ಕಂತೆ ಸೋಸಿಕೊಳ್ಳಿ.

ಕಥೆ ಹೇಳುವವಳು ಒಬ್ಬ ಪುಟ್ಟ ಹುಡುಗಿ. ಅವಳ ಅಮ್ಮ ಹೋಟೆಲಿನಲ್ಲಿ ತಿಂಡಿ ಬಡಿಸುವ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಅಜ್ಜಿ ಇದ್ದಾಳೆ. ಮೂವರ ಮನೆಗೆ ಬೆಂಕಿ ಬಿದ್ದು ಇದ್ದದ್ದೆಲ್ಲ ಬೂದಿಯಾಗಿದೆ. ಅಜ್ಜಿ ಉಳಿದಳು, ಬೆಕ್ಕು ಉಳಿಯಿತು, ಅಷ್ಟೇ. ಹೊಸ ಬಾಡಿಗೆ ಮನೆಗೆ ಬಂದಾಗ ನೆರೆಯವರು, ನೆಂಟರು ಒಬ್ಬೊಬ್ಬರು ಒಂದೊಂದು ತಂದುಕೊಡುತ್ತಾರೆ: ಒಬ್ಬರು ಮಂಚ, ಒಬ್ಬರು ಪರದೆ, ಒಬ್ಬರು ಪಾತ್ರೆ. ಎಲ್ಲ ಬಂದರೂ ಒಂದು ಮಾತ್ರ ಇಲ್ಲ. ದಿನವಿಡೀ ನಿಂತು ದುಡಿದು ಕಾಲು ನೋಯಿಸಿಕೊಂಡು ಬರುವ ಅಮ್ಮನಿಗೆ ಒರಗಿ ಕೂರಲು ಮೆತ್ತನೆಯ ಕುರ್ಚಿ ಇಲ್ಲ. ಹೋಟೆಲಿನಿಂದ ತಂದ ದೊಡ್ಡ ಗಾಜಿನ ಜಾಡಿಯೊಂದನ್ನು ಇಟ್ಟುಕೊಂಡು ಮೂವರೂ ಅದಕ್ಕೆ ಚಿಲ್ಲರೆ ಹಾಕುತ್ತಾ ಹೋಗುತ್ತಾರೆ.

ಈ ಪುಸ್ತಕದ ಬಲ ಇರುವುದು ಚಿಲ್ಲರೆಯ ಲೆಕ್ಕದಲ್ಲಿ. ಅಮ್ಮ ಹಾಕುವುದು ಗಿರಾಕಿಗಳು ಬಿಟ್ಟುಹೋದ ಟಿಪ್ಸ್. ಹುಡುಗಿ ಅದೇ ಹೋಟೆಲಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿದಾಗ ಸಿಕ್ಕಿದ್ದರಲ್ಲಿ ಅರ್ಧ ಹಾಕುತ್ತಾಳೆ. ಅಜ್ಜಿ ಟೊಮೆಟೊವನ್ನೋ ಬಾಳೆಹಣ್ಣನ್ನೋ ಅಗ್ಗಕ್ಕೆ ಕೊಂಡ ದಿನ ಉಳಿದ ಕಾಸನ್ನು ಹಾಕುತ್ತಾಳೆ. ಟಿಪ್ಸ್ ಕಡಿಮೆ ಬಂದ ದಿನ ಅಮ್ಮನ ಮುಖ ಸಪ್ಪಗಿರುತ್ತದೆ. ಕೆಲವು ರಾತ್ರಿ ಹುಡುಗಿ ನಾಣ್ಯಗಳನ್ನು ಗುಡ್ಡೆ ಹಾಕಿ ಎಣಿಸುತ್ತಿರುವಾಗಲೇ ಅಮ್ಮ ಮೇಜಿನ ಬಳಿ ಕುಳಿತಲ್ಲೇ ನಿದ್ದೆಹೋಗುತ್ತಾಳೆ. ಆ ಪುಟ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಮಕ್ಕಳಿಗೆ ಚಿತ್ರ ತೋರಿಸುತ್ತೇನೆ. ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಗಿನ ಜಾವ ಬಸ್ ಹತ್ತಿ ಹೋಗಿ ರಾತ್ರಿ ಬರುವ ಅಮ್ಮಂದಿರ ಮಕ್ಕಳು ಆ ಪುಟವನ್ನು ಬೇಗ ತಿರುಗಿಸಲು ಬಿಡುವುದಿಲ್ಲ.

ಟೊಮೆಟೊ ವಿಷಯಕ್ಕೆ ಬರೋಣ. ಕೋಲಾರ ಎಪಿಎಂಸಿಗೆ ಹದಿನೈದು ಕಿಲೋ ಬಾಕ್ಸ್‌ಗಳಲ್ಲಿ ಟೊಮೆಟೊ ತುಂಬಿ ಕಳಿಸುವ ಮನೆಯ ಮಕ್ಕಳಿಗೆ ಆ ಅಜ್ಜಿ ತಕರಾರಿನ ವ್ಯಕ್ತಿ. "ಅವಳಿಗೆ ಅಗ್ಗವಾದರೆ ಬೆಳೆದವರಿಗೆ ಏನು ಸಿಕ್ಕಿತು?" ಎಂದು ಮಕ್ಕಳು ಕೇಳುತ್ತಾರೆ. ಬೆಲೆ ಇಲ್ಲದೆ ರಸ್ತೆ ಬದಿಗೆ ಸುರಿದ ಹಣ್ಣನ್ನು ಹಸುಗಳು ತಿನ್ನುವುದನ್ನು ನೋಡಿದವರು ಕೇಳಲೇಬೇಕಾದ ಪ್ರಶ್ನೆ ಅದು. ಲೇಖಕಿ ಇದನ್ನು ಯೋಚಿಸಿರಲಿಕ್ಕಿಲ್ಲ. ಪೇಟೆಯಲ್ಲಿ ಕೊಳ್ಳುವವರ ಕಡೆಯಿಂದ ಬರೆದ ಪುಸ್ತಕವಿದು. ಆದರೆ ಒಬ್ಬರ ಉಳಿತಾಯ ಇನ್ನೊಬ್ಬರ ನಷ್ಟವಾಗಬಹುದು ಎಂಬ ದೊಡ್ಡ ಮಾತನ್ನು ಎಂಟು ವರ್ಷದವರ ನಡುವೆ ಎತ್ತಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಜಾಡಿ ತುಂಬಿದ ಮೇಲೆ ನಾಣ್ಯಗಳನ್ನು ಕಾಗದದಲ್ಲಿ ಸುರುಳಿ ಸುತ್ತಿ ಬ್ಯಾಂಕಿಗೆ ಒಯ್ದು ನೋಟು ಪಡೆಯುತ್ತಾರೆ. ಸ್ತ್ರೀಶಕ್ತಿ ಸಂಘದ ವಾರದ ಕಂತು, ಚೀಟಿ, ಸಾಸಿವೆ ಡಬ್ಬಿಯ ತಳದ ದುಡ್ಡು ಇವನ್ನೆಲ್ಲ ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಕೊನೆಗೆ ಗುಲಾಬಿ ಹೂಗಳ ಬಟ್ಟೆ ಹೊದಿಸಿದ ಕುರ್ಚಿ ಮನೆಗೆ ಬರುತ್ತದೆ. ಹಗಲು ಅಜ್ಜಿ ಕೂರುತ್ತಾಳೆ, ರಾತ್ರಿ ಅಮ್ಮ ಕೂರುತ್ತಾಳೆ. ಕುರ್ಚಿ ಬಂತೆಂದು ಬಡತನ ಓಡಿಹೋಯಿತು ಎಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ಅಮ್ಮ ನಾಳೆಯೂ ಕೆಲಸಕ್ಕೆ ಹೋಗಲೇಬೇಕು.

ಐದರಿಂದ ಎಂಟು ವರ್ಷದವರಿಗೆ ಇದು ಸರಿ. ಪುಟದ ಸುತ್ತಲಿನ ಅಂಚಿನ ಚಿತ್ತಾರಗಳನ್ನು ಮಕ್ಕಳು ತಾವೇ ಬಿಡಿಸಲು ತೊಡಗುತ್ತಾರೆ, ಆದ್ದರಿಂದ ಬಣ್ಣದ ಪೆಟ್ಟಿಗೆ ಹತ್ತಿರ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಮನೆಗೆ ಬೆಂಕಿ ಬಿದ್ದ ಅನುಭವವಿರುವ ಮಗು ಗುಂಪಿನಲ್ಲಿದ್ದರೆ ಆ ಪುಟಗಳನ್ನು ಮೊದಲು ಅದರ ಮನೆಯವರಿಗೆ ತೋರಿಸಿ ಕೇಳಿ.

ಗಾಳಿಯಂತ್ರ: ‘ದಿ ಬಾಯ್ ಹೂ ಹಾರ್ನೆಸ್ಡ್ ದಿ ವಿಂಡ್’

ನಮ್ಮ ಜಿಲ್ಲೆಯವರು ಪುಸ್ತಕದಂಗಡಿಗೆ ಹೋಗಿ ಬರದ ಕಥೆ ಬೇಕು ಎಂದರೆ ಮೊದಲು ಕೈಗೆ ಬರುವುದು ಇದೇ. ಆಫ್ರಿಕಾದ ಮಲಾವಿ ದೇಶದ ವಿಲಿಯಂ ಕಾಮ್‌ಕ್ವಾಂಬಾ ಎಂಬ ಹುಡುಗನ ನಿಜಕಥೆ. 2001-02ರ ಬರಗಾಲದಲ್ಲಿ ಮೆಕ್ಕೆಜೋಳ ಒಣಗಿತು, ಮನೆಯಲ್ಲಿ ದಿನಕ್ಕೆ ಒಂದೇ ಹೊತ್ತಿನ ಊಟವಾಯಿತು, ಶುಲ್ಕ ಕಟ್ಟಲಾಗದೆ ಅವನ ಶಾಲೆ ನಿಂತಿತು. ಊರಿನ ಸಣ್ಣ ಗ್ರಂಥಾಲಯದಲ್ಲಿ ಸಿಕ್ಕ ವಿಜ್ಞಾನದ ಪುಸ್ತಕಗಳನ್ನು, ಅರ್ಥವಾಗದ ಇಂಗ್ಲಿಷನ್ನು ನಿಘಂಟು ಹಿಡಿದು ಬಿಡಿಸಿಕೊಂಡು ಅವನು ಓದಿದ. ಗುಜರಿ ರಾಶಿಯಿಂದ ಟ್ರ್ಯಾಕ್ಟರಿನ ಫ್ಯಾನು, ಮುರಿದ ಸೈಕಲ್ಲು, ಪ್ಲಾಸ್ಟಿಕ್ ಪೈಪು ಹೆಕ್ಕಿ ತಂದು ಗಾಳಿಯಂತ್ರ ಕಟ್ಟಿ ಬಲ್ಬು ಹೊತ್ತಿಸಿದ. ಆಗ ಅವನಿಗೆ ಹದಿನಾಲ್ಕು ವರ್ಷ. ಊರವರು ಅವನನ್ನು ಹುಚ್ಚನೆಂದಿದ್ದರು.

ಕೊಳ್ಳುವಾಗ ಜಾಗ್ರತೆ ಬೇಕು. ಇದೇ ಹೆಸರಿನಲ್ಲಿ ಮೂರು ಪುಸ್ತಕಗಳಿವೆ. 2009ರಲ್ಲಿ ಬಂದದ್ದು ದೊಡ್ಡವರಿಗೆ ಬರೆದ ಆತ್ಮಕಥೆ. 2015ರದ್ದು ಹೈಸ್ಕೂಲು ವಯಸ್ಸಿನವರಿಗೆ ಇಳಿಸಿದ ರೂಪ. ಚಿತ್ರಪುಸ್ತಕ ಬಂದದ್ದು 2012ರಲ್ಲಿ. ವಿಲಿಯಂ ಜೊತೆ ಬ್ರಯಾನ್ ಮೀಲರ್ ಬರೆದದ್ದು, ಎಲಿಜಬೆತ್ ಜುನಾನ್ ಚಿತ್ರ ಬಿಡಿಸಿದ್ದು. ಆನ್‌ಲೈನಿನಲ್ಲಿ ತರಿಸುವವರು ಹೆಸರು ನೋಡಿ ಒತ್ತಿಬಿಟ್ಟರೆ ದಪ್ಪ ಪುಸ್ತಕ ಮನೆ ಬಾಗಿಲಿಗೆ ಬರುತ್ತದೆ. ಎಲಿಜಬೆತ್ ಜುನಾನ್ ಹೆಸರು ಮುಖಪುಟದಲ್ಲಿದೆಯೇ ನೋಡಿಕೊಳ್ಳಿ.

ಕೈ ಕೆಲಸ ಕಾಣಬೇಕು ಎಂಬ ನನ್ನ ಅಳತೆಗೆ ಇದು ಸಲೀಸಾಗಿ ದಕ್ಕುತ್ತದೆ. ಯಾವ ತುಂಡು ಎಲ್ಲಿಂದ ಬಂತು ಎಂಬುದು ಚಿತ್ರದಲ್ಲಿದೆ. ಗಾಳಿಯಂತ್ರ ನಿಲ್ಲಿಸಲು ಅವನು ಕಟ್ಟಿದ ಗೋಪುರ ನೀಲಗಿರಿ ಮರದ್ದು. ಕೋಲಾರದಲ್ಲಿ ನೀಲಗಿರಿ ಕಾಣದ ಮಗು ಉಂಟೇ? ಅಂತರ್ಜಲ ಹೀರುತ್ತದೆ ಎಂದು ದೊಡ್ಡವರು ಬೈಯುವ ಅದೇ ಮರ ಇಲ್ಲಿ ಹುಡುಗನೊಬ್ಬನ ಕೆಲಸಕ್ಕೆ ಬಂತೆಂದು ಹೇಳಿದರೆ ಮಕ್ಕಳಿಗೆ ಸೋಜಿಗ.

ಆದರೂ ಇದನ್ನು ಎಲ್ಲರಿಗೂ ಮೊದಲ ಪುಸ್ತಕವಾಗಿ ನಾನು ಕೊಡುವುದಿಲ್ಲ. ಕಾರಣ ಎರಡು. ಮೊದಲನೆಯದು ನೀರು. ವಿಲಿಯಂ ಮೊದಲು ಹೊತ್ತಿಸಿದ್ದು ದೀಪ. ಗಾಳಿಯಿಂದ ನೀರೆತ್ತಿದ್ದು ಆಮೇಲಿನ ಮಾತು. ಚಿತ್ರಪುಸ್ತಕ ಮುಗಿಯುವಾಗ ಹಸಿರು ಹೊಲ ಇನ್ನೂ ಅವನ ಕನಸಿನಲ್ಲೇ ಇರುತ್ತದೆ. ಮಲಾವಿಯ ಆ ಹಳ್ಳಿಗೆ ಕರೆಂಟು ಇರಲಿಲ್ಲ, ಆದರೆ ನೀರು ಅಷ್ಟು ಆಳಕ್ಕೆ ಇಳಿದಿರಲಿಲ್ಲ. ನಮ್ಮಲ್ಲಿ ಕಂಬವೂ ಇದೆ, ಮೋಟಾರೂ ಇದೆ, ಇಲ್ಲದಿರುವುದು ನೀರು. ಯಂತ್ರವೊಂದು ಬಂದರೆ ಬರ ನೀಗುತ್ತದೆ ಎಂಬ ಆಸೆಯನ್ನು ನಮ್ಮ ಸೀಮೆ ಬಹಳ ದುಬಾರಿ ಬೆಲೆ ತೆತ್ತು ನಂಬಿದೆ. ಆದ್ದರಿಂದ ಈ ಪುಸ್ತಕ ಓದಿದ ಮೇಲೆ ಕೆರೆಯ ಮಾತನ್ನು ಜೊತೆಗೆ ಸೇರಿಸಬೇಕು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಆ ನೀರನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಬೇಕೆಂಬ ಒತ್ತಾಯ ಇನ್ನೂ ನಿಂತಿಲ್ಲ. ಒಂಬತ್ತು ಹತ್ತು ವರ್ಷದವರು ಈ ಚರ್ಚೆಯನ್ನು ಚೆನ್ನಾಗಿಯೇ ಮಾಡುತ್ತಾರೆ, ದೊಡ್ಡವರಿಗಿಂತ ಕಡಿಮೆ ಕೂಗಾಡಿ.

ಎರಡನೆಯ ಕಾರಣ ಸೂಕ್ಷ್ಮವಾದದ್ದು. ಈ ವರ್ಷವೇ ಬೋರ್‌ವೆಲ್ ಬತ್ತಿ, ಸಾಲ ಮೈಮೇಲೆ ಬಂದ ಮನೆಯ ಮಗುವಿಗೆ ಬರದ ಪುಸ್ತಕ ಕೊಡಬೇಡಿ. ಅಂಥ ಮಗುವಿಗೆ ಬೇರೆ ಬಗೆಯ ಕಷ್ಟದ ಕಥೆ ಬೇಕು: ಬೆಂಕಿಯದ್ದೋ, ಹರಿದ ಕೋಟಿನದ್ದೋ. ತನ್ನ ಮನೆಯ ನೋವನ್ನು ಎಲ್ಲರ ಮುಂದೆ ಹರಡಿಕೊಂಡಂತೆ ಅನಿಸದೆ, ಕಷ್ಟದೊಳಗಿಂದ ಹೊರಬರುವ ದಾರಿಯನ್ನು ಅದು ನೋಡಬಲ್ಲದು. ಬರ ಕಳೆದು ಒಂದೆರಡು ಮಳೆಗಾಲ ಹೋದ ಮೇಲೆ ವಿಲಿಯಂನ ಕಥೆ ಕೊಟ್ಟರೆ ಅದನ್ನು ಬೇರೆಯೇ ರೀತಿಯಲ್ಲಿ ಓದುತ್ತದೆ.

ಕೋಟು: ‘ಜೋಸೆಫ್ ಹ್ಯಾಡ್ ಎ ಲಿಟಲ್ ಓವರ್‌ಕೋಟ್’

ತೀರ ಚಿಕ್ಕವರಿಗೆ, ಅಂದರೆ ಅಂಗನವಾಡಿಯಿಂದ ಎರಡನೇ ತರಗತಿಯವರೆಗೆ, ಇದಕ್ಕೆ ಸಾಟಿಯಿಲ್ಲ. ಸಿಮ್ಸ್ ಟಬ್ಯಾಕ್ ಅವರಿಗೆ 2000ದ ಕ್ಯಾಲ್ಡೆಕಾಟ್ ಪದಕ ತಂದುಕೊಟ್ಟ ಪುಸ್ತಕ. ಜೋಸೆಫನ ಕೋಟು ಹಳೆಯದಾಗಿ ಹರಿಯುತ್ತದೆ. ಅವನು ಅದನ್ನು ಕತ್ತರಿಸಿ ಜಾಕೆಟ್ ಮಾಡಿಕೊಳ್ಳುತ್ತಾನೆ. ಜಾಕೆಟ್ ಹರಿದಾಗ ತೋಳಿಲ್ಲದ ಅಂಗಿ, ಆಮೇಲೆ ಕುತ್ತಿಗೆಯ ಪಟ್ಟಿ, ಟೈ, ಕರವಸ್ತ್ರ, ಕೊನೆಗೊಂದು ಗುಂಡಿ. ಗುಂಡಿಯೂ ಕಳೆದುಹೋದ ಮೇಲೆ ಅವನು ಇದನ್ನೆಲ್ಲ ಪುಸ್ತಕವಾಗಿ ಬರೆಯುತ್ತಾನೆ. ಪುಟಗಳಲ್ಲಿ ಕತ್ತರಿಸಿದ ಕಿಂಡಿಗಳಿವೆ; ಪುಟ ತಿರುಗಿಸಿದಂತೆ ಮುಂದಿನ ಬಟ್ಟೆ ಅದೇ ಕಿಂಡಿಯಿಂದ ಮೂಡುತ್ತದೆ. ಓದು ಬಾರದ ಮಗುವೂ ಎರಡನೇ ಸಲಕ್ಕೆ ಕಥೆಯನ್ನು ತಾನೇ ಹೇಳುತ್ತದೆ.

ನಮ್ಮ ಅಜ್ಜಿಯರಿಗೆ ಇದು ಕಥೆಯೇ ಅಲ್ಲ, ದಿನಚರಿ. ಸೀರೆ ಹಳೆಯದಾದರೆ ಮೊಮ್ಮಗಳಿಗೆ ಲಂಗ, ಲಂಗ ಚಿಕ್ಕದಾದರೆ ಕೂಸಿಗೆ ತೊಟ್ಟಿಲ ಬಟ್ಟೆ, ಉಳಿದದ್ದು ಕೌದಿಗೆ, ಅದರಲ್ಲೂ ಉಳಿದದ್ದು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಓದಿದ ಮೇಲೆ ಮಕ್ಕಳನ್ನು ಮನೆಗೆ ಕಳಿಸಿ, ಹಿಂದೆ ಬೇರೆ ಏನೋ ಆಗಿದ್ದ ಬಟ್ಟೆಯೊಂದನ್ನು ಹುಡುಕಿ ತರಲು ಹೇಳಿ. ಎಲ್ಲರಿಗೂ ಸಿಗುತ್ತದೆ. ಇದರಲ್ಲಿ ಬಡವ ಬಲ್ಲಿದ ಎಂಬ ಭೇದವೂ ಅಷ್ಟಾಗಿ ಕಾಣುವುದಿಲ್ಲ, ಶಾಲೆಯ ತರಗತಿಯಲ್ಲಿ ಅದು ದೊಡ್ಡ ಅನುಕೂಲ.

ಕೊರತೆ ಹೇಳಬೇಕೆಂದರೆ, ಇಲ್ಲಿ ಕಷ್ಟ ಬಹಳ ಹಗುರ. ಜೋಸೆಫ್ ಹಸಿದವನಲ್ಲ. ಮದುವೆ, ಜಾತ್ರೆ ಎಂದು ಓಡಾಡಿಕೊಂಡಿರುವ ಖುಷಿಯ ಮನುಷ್ಯ. ಕಷ್ಟದ ಮಾತು ಎತ್ತಲು ಇದು ಸಾಲದು. ಇದ್ದದ್ದರಲ್ಲಿ ಹೊಸದನ್ನು ಕಾಣುವ ಕಣ್ಣು ಬೆಳೆಸಲು ಸಾಕು. ಇನ್ನು ಆ ಕಿಂಡಿಗಳು: ಹತ್ತಾರು ಕೈ ಸೇರುವ ಗ್ರಂಥಾಲಯದಲ್ಲಿ ಬೆರಳು ಸಿಕ್ಕಿಸಿ ಎಳೆದು ಹರಿಯುವುದು ಖಂಡಿತ. ಮೊದಲ ದಿನವೇ ಕಿಂಡಿಯ ಅಂಚಿಗೆ ಪಾರದರ್ಶಕ ಟೇಪು ಅಂಟಿಸಿಡಿ.

ಅಕ್ಕಿಕಾಳು: ‘ಒನ್ ಗ್ರೇನ್ ಆಫ್ ರೈಸ್’

ಡೆಮಿ ಎಂಬ ಚಿತ್ರಕಾರ್ತಿಯ 1997ರ ಪುಸ್ತಕ. ಕಥೆ ನಡೆಯುವುದು ನಮ್ಮ ದೇಶದಲ್ಲೇ. ಬರಗಾಲಕ್ಕೆಂದು ಪ್ರಜೆಗಳ ಅಕ್ಕಿಯಲ್ಲಿ ಬಹುಪಾಲನ್ನು ಉಗ್ರಾಣಕ್ಕೆ ತುಂಬಿಸಿಕೊಂಡ ರಾಜ, ಬರ ಬಂದಾಗ ಕೊಡಲು ಒಪ್ಪುವುದಿಲ್ಲ. ಅರಮನೆಗೆ ಹೊರಟ ಆನೆಯ ಮೇಲಿನ ಬುಟ್ಟಿಯಿಂದ ಸೋರಿದ ಅಕ್ಕಿಯನ್ನು ರಾಣಿ ಎಂಬ ಹಳ್ಳಿ ಹುಡುಗಿ ಹಿಡಿದು ರಾಜನಿಗೇ ಒಪ್ಪಿಸುತ್ತಾಳೆ. ಬಹುಮಾನವಾಗಿ ಅವಳು ಕೇಳುವುದು ಒಂದೇ ಕಾಳು ಅಕ್ಕಿ, ಮರುದಿನ ಅದರ ಎರಡರಷ್ಟು, ಅದರ ಮರುದಿನ ಅದಕ್ಕೂ ಎರಡರಷ್ಟು, ಹೀಗೆ ಮೂವತ್ತು ದಿನ. ಮೂವತ್ತನೇ ದಿನದ ಪಾಲು 53,68,70,912 ಕಾಳು. ಎಲ್ಲ ಸೇರಿ ನೂರು ಕೋಟಿಗೂ ಮೇಲೆ. ಆ ಕೊನೆಯ ದಿನದ ಪಾಲನ್ನು ಹೊತ್ತು ತರುವ 256 ಆನೆಗಳನ್ನು ತೋರಿಸಲು ಪುಟವೇ ಮಡಿಕೆ ಬಿಚ್ಚಿಕೊಂಡು ಉದ್ದಕ್ಕೆ ಹರಡಿಕೊಳ್ಳುತ್ತದೆ.

ಲೆಕ್ಕದ ಪಾಠವಾಗಿ ಇದು ಅದ್ಭುತ. ಅಕ್ಕಿಯ ಬದಲು ರಾಗಿ ತೆಗೆದುಕೊಳ್ಳಿ; ನಮ್ಮಲ್ಲಿ ಅದೇ ಸರಿ. ನೆಲಕ್ಕೆ ಬಿಳಿ ಪಂಚೆ ಹಾಸಿ ಒಂದು, ಎರಡು, ನಾಲ್ಕು, ಎಂಟು ಎಂದು ಗುಡ್ಡೆ ಇಡಿಸಿ. ಐದನೇ ದಿನದವರೆಗೆ ಎಲ್ಲರೂ ನಗುತ್ತಿರುತ್ತಾರೆ. ಎಂಟನೇ ದಿನಕ್ಕೆ 128 ಕಾಳು ಎಣಿಸುವಷ್ಟರಲ್ಲಿ ಜಗಳ ಶುರುವಾಗುತ್ತದೆ, ಯಾರೋ ಸೀನಿ ಒಂದು ಗುಡ್ಡೆ ಹಾರಿಹೋಗುತ್ತದೆ. ಹತ್ತನೇ ದಿನ 512. ಅಲ್ಲಿಗೆ ಕಾಳು ಎಣಿಸುವುದನ್ನು ಬಿಟ್ಟು, ಚಿಟಿಕೆಗೆ ಎಷ್ಟು, ಹಿಡಿಗೆ ಎಷ್ಟು, ಸೇರಿಗೆ ಎಷ್ಟು ಎಂದು ಮಕ್ಕಳೇ ಅಳತೆಗೆ ಇಳಿಯುತ್ತಾರೆ. ಯಾರೂ ಹೇಳಿಕೊಡದೆ ಬಂದ ಆ ಉಪಾಯ ಪುಸ್ತಕದ ಉಪಾಯಕ್ಕಿಂತ ನನಗೆ ದೊಡ್ಡದಾಗಿ ಕಾಣುತ್ತದೆ.

ಜಾಣತನ ಎನ್ನುವುದು ಆಳುವವರನ್ನು ಪ್ರಶ್ನಿಸುವುದಕ್ಕೂ ಬರುತ್ತದೆ ಎಂದು ತೋರಿಸುವುದು ಈ ಐದರಲ್ಲಿ ಇದೊಂದೇ. ಉಗ್ರಾಣ ತುಂಬಿದ್ದರೂ ಜನ ಹಸಿಯಬಹುದು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ನಾನು ಮೊದಲು ಹಾಕಿಕೊಂಡ ಅಳತೆಯಲ್ಲಿ ಇದು ಸ್ವಲ್ಪ ಹಿಂದೆ ಬೀಳುತ್ತದೆ. ರಾಜ ಮಾತಿಗೆ ತಪ್ಪದವನಾದ್ದರಿಂದ ರಾಣಿ ಗೆದ್ದಳು. "ಕೊಡಲ್ಲ ಅಂದಿದ್ದರೆ?" ಎಂದು ಮಕ್ಕಳು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ. ಹಳೆಯ ಚಿಕಣಿ ಚಿತ್ರಗಳ ಶೈಲಿಯ, ಚಿನ್ನದ ಬಣ್ಣ ಮಿರುಗುವ ಚಿತ್ರಗಳು ಕಣ್ಣಿಗೆ ಹಬ್ಬ, ಹಸಿವು ಮಾತ್ರ ಅವುಗಳ ಹಿಂದೆ ಮರೆಯಾಗುತ್ತದೆ. ಏಳರಿಂದ ಹನ್ನೊಂದು ವರ್ಷದವರಿಗೆ, ಅದರಲ್ಲೂ ಗಣಿತ ಎಂದರೆ ಮುಖ ತಿರುಗಿಸುವವರಿಗೆ ಕೊಡಿ. ಮಡಿಕೆ ಪುಟವನ್ನು ಮಾತ್ರ ದೊಡ್ಡವರೇ ಬಿಚ್ಚಲಿ.

ಕಲ್ಲಿನ ಸಾರು: ‘ಸ್ಟೋನ್ ಸೂಪ್’

ಮಾರ್ಷಾ ಬ್ರೌನ್ ಅವರ 1947ರ ಪುಸ್ತಕ, ಮೂಲದಲ್ಲಿ ಯುರೋಪಿನ ಹಳೆಯ ಜನಪದ ಕಥೆ. ಹಸಿದ ಮೂವರು ಸೈನಿಕರು ಹಳ್ಳಿಗೆ ಬರುತ್ತಾರೆ. ಹಳ್ಳಿಯವರು ಇದ್ದಬದ್ದ ದವಸವನ್ನೆಲ್ಲ ಅಡಗಿಸಿಟ್ಟು ಏನೂ ಇಲ್ಲ ಎನ್ನುತ್ತಾರೆ. ಸೈನಿಕರು ಹಂಡೆ ತರಿಸಿ, ನೀರಿಗೆ ಕಲ್ಲು ಹಾಕಿ ಸಾರು ಮಾಡಲು ನಿಲ್ಲುತ್ತಾರೆ. "ಒಂದಿಷ್ಟು ಕ್ಯಾರೆಟ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು" ಎನ್ನುತ್ತಾ ಒಂದೊಂದನ್ನೇ ಹೊರಗೆ ತೆಗೆಸುತ್ತಾರೆ. ಕೊನೆಗೆ ಊರಿಗೆಲ್ಲ ಊಟ.

ಬಹಳ ಜನ ಮೆಚ್ಚುವ ಕಥೆ, ನನಗೆ ಅಷ್ಟಕ್ಕಷ್ಟೆ. ಮಳೆ ನಂಬಿ ಬದುಕುವ ಊರಿನಲ್ಲಿ ದವಸ ಮುಚ್ಚಿಡುವುದು ಜಿಪುಣತನವಲ್ಲ, ಬುದ್ಧಿವಂತಿಕೆ. ಹಗೇವಿನಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದ ನಮ್ಮ ಹಿರಿಯರು ಆ ರಾಗಿಯಿಂದಲೇ ಬರ ದಾಟಿದರು. ಹೊರಗಿನಿಂದ ಬಂದವರು ಮಾತಿನ ಮೋಡಿಯಿಂದ ಅದನ್ನು ತೆಗೆಸಿದರೆ ಕೈ ತಟ್ಟಬೇಕೇ? ಹಾಗೆಂದು ಪುಸ್ತಕವನ್ನು ಪೂರ್ತಿ ತಳ್ಳಿಹಾಕಲಾರೆ. ನಾಟಕ ಆಡಿಸಲು ಇದರಂಥದ್ದು ಇನ್ನೊಂದಿಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದರೂ ಎಲ್ಲರಿಗೂ ಪಾತ್ರವಿದೆ, ಎಲ್ಲರೂ ಮನೆಯಿಂದ ಒಂದೊಂದು ತರಕಾರಿ ತಂದರೆ ಕೊನೆಗೆ ನಿಜವಾದ ಸಾರೂ ಸಿಗುತ್ತದೆ. ಮೂಲದಲ್ಲಿ ಮಾಂಸವೂ ಹಂಡೆಗೆ ಬೀಳುತ್ತದೆ. ನಿಮ್ಮ ಗುಂಪಿಗೆ ಹೊಂದುವಂತೆ ಹೇಳಿಕೊಳ್ಳಿ. ಜಾನ್ ಜೆ. ಮ್ಯೂತ್ 2003ರಲ್ಲಿ ತಂದ ಇದೇ ಹೆಸರಿನ ಪುಸ್ತಕದಲ್ಲಿ ಸೈನಿಕರ ಬದಲು ಚೀನಾದ ಮೂವರು ಭಿಕ್ಷುಗಳಿದ್ದಾರೆ, ಮೋಸದ ವಾಸನೆ ಕಡಿಮೆ. ಎರಡರಲ್ಲಿ ಒಂದೇ ಎಂದರೆ ನಾನು ಅದನ್ನೇ ಕೊಳ್ಳುತ್ತೇನೆ.

ಭಾಷೆ, ದುಡ್ಡು, ಸಿಗುವ ಜಾಗ

ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಮಗುವಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅದರ ಮೇಲೆ ಇಂಗ್ಲಿಷ್ ಪುಸ್ತಕ ಹಿಡಿದರೆ ಹೇಗೆ ಎಂದು ಕೇಳುವವರಿಗೆ ನನ್ನ ಉತ್ತರ: ಸಾಲು ಸಾಲಾಗಿ ಓದಬೇಡಿ. ಮೊದಲ ಸಲ ಚಿತ್ರ ಮಾತ್ರ ತೋರಿಸಿ, ಮಕ್ಕಳು ತೆಲುಗಿನಲ್ಲೋ ಕನ್ನಡದಲ್ಲೋ ತೋಚಿದ್ದನ್ನು ಹೇಳಲಿ. ಎರಡನೇ ಸಲ ನೀವು ಕನ್ನಡದಲ್ಲಿ ಕಥೆ ಹೇಳಿ. ಈ ವಿಧಾನಕ್ಕೆ ಕೋಟು ಮತ್ತು ಜಾಡಿ ಚೆನ್ನಾಗಿ ಒಗ್ಗುತ್ತವೆ, ಅವುಗಳ ಚಿತ್ರವೇ ಮುಕ್ಕಾಲು ಕಥೆ ಹೇಳುತ್ತದೆ. ಅಕ್ಕಿಕಾಳಿಗೆ ಅಂಕಿ ಗೊತ್ತಿದ್ದರೆ ಸಾಕು. ಗಾಳಿಯಂತ್ರದಲ್ಲಿ ಹೇಳುವವರು ತಯಾರಿ ಮಾಡಿಕೊಂಡೇ ಕೂರಬೇಕು.

ಹೊರದೇಶದ ಚಿತ್ರಪುಸ್ತಕ ಅಗ್ಗವಲ್ಲ. ಗಟ್ಟಿ ರಟ್ಟಿನದ್ದಕ್ಕೂ ಮೆತ್ತನೆ ರಟ್ಟಿನದ್ದಕ್ಕೂ ಬೆಲೆಯಲ್ಲಿ ಬಹಳ ಅಂತರವಿರುತ್ತದೆ. ಮನೆಗಾದರೆ ಮೆತ್ತನೆಯದು ಸಾಕು, ಗ್ರಂಥಾಲಯಕ್ಕೆ ಗಟ್ಟಿಯದೇ ಬೇಕು. ಒಂದನ್ನೂ ಕೊಳ್ಳಲಾಗದಿದ್ದರೂ ಚಿಂತೆಯಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿದ್ದಾರೆ. ಇಳಿಸಿಕೊಳ್ಳಲು, ಮುದ್ರಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ತೆಲುಗಿನ ಕಥೆಗಳೂ ಅಲ್ಲೇ ಇವೆ, ಒಂದೇ ಕಥೆಯನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿಸಬಹುದು. ಚೆನ್ನೈನ ತೂಲಿಕಾ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ಕೂಡ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತವೆ. ಟ್ರಸ್ಟಿನ ಪುಸ್ತಕಗಳ ಬೆಲೆ ನಮ್ಮ ಕೈಗೆಟಕುವಂಥದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾಗಿದೆ. ನಿಮ್ಮೂರಿನ ಅರಿವು ಕೇಂದ್ರದ, ಅಂದರೆ ಅದೇ ಪಂಚಾಯಿತಿ ಗ್ರಂಥಾಲಯದ, ಕಪಾಟಿನಲ್ಲಿ ಏನಿದೆ ಎಂದು ಒಮ್ಮೆ ಹೋಗಿ ನೋಡಿ, ಕಪಾಟಿಗೆ ಬೀಗ ಇದ್ದರೆ ತೆಗೆಸಿಯೇ ನೋಡಿ.

ಆರನೆಯದು: ಮಕ್ಕಳೇ ಮಾಡುವ ಪುಸ್ತಕ

ಐದರಲ್ಲಿ ಯಾವುದೂ ನಮ್ಮ ಊರಿನದಲ್ಲ, ನಿಜ. ಹತ್ತು ದಾಟಿದ ಮಕ್ಕಳಿದ್ದರೆ ಅದಕ್ಕೂ ದಾರಿಯಿದೆ. ಕಥೆಗೆ ಬರವಿಲ್ಲದ ಸೀಮೆ ಇದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಓದುವ ಆಸೆಗೆ ಬೆಂಗಳೂರಿನವರೆಗೆ ನಡೆದುಕೊಂಡೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕೆಜಿಎಫ್‌ನಲ್ಲಿ 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾ ಸಂಸಾರ ನಿಭಾಯಿಸಿದ ಮನೆಗಳು ಎಷ್ಟೋ ಇವೆ. ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಗೂಡಿನ ಬೆಲೆ ಬಿದ್ದ ವರ್ಷ ಏನು ಮಾಡಿದರು ಎಂದು ಕೇಳಿದರೆ ಅಜ್ಜಿಯರು ಸಂಜೆಯವರೆಗೆ ಹೇಳುತ್ತಾರೆ.

ಕೆಲಸ ಹೀಗೆ ಹಂಚಿ. ಇಬ್ಬಿಬ್ಬರು ಮಕ್ಕಳು ಮನೆಯ ಹಿರಿಯರೊಬ್ಬರನ್ನು ಕೇಳಲಿ: ತೀರ ಕಷ್ಟವಾದ ವರ್ಷ ಯಾವುದು, ಆಗ ಏನು ಮಾಡಿದಿರಿ, ಯಾವ ವಸ್ತು ಕೈಹಿಡಿಯಿತು? ಮೂರನೇ ಪ್ರಶ್ನೆಯನ್ನು ಬಿಡಕೂಡದು, ಚಿತ್ರ ಹುಟ್ಟುವುದು ಅಲ್ಲಿಂದಲೇ. ಅಡವಿಟ್ಟ ಓಲೆ, ಮಾರಿದ ಸೀಮೆಹಸು, ಮೂರು ಬಾರಿ ಬೆಸುಗೆ ಹಾಕಿಸಿದ ಕೊಡ, ಯಾವುದಾದರೂ ಸರಿ. ಡ್ರಾಯಿಂಗ್ ಹಾಳೆಯನ್ನು ಅಡ್ಡಕ್ಕೆ ಇಟ್ಟು, ಒಂದು ಪುಟಕ್ಕೆ ಒಂದು ಚಿತ್ರ, ಕೆಳಗೆ ಎರಡು ಸಾಲು. ಎಂಟು ಹಾಳೆ ಮೀರಬೇಡಿ, ಮೀರಿದರೆ ಯಾರೂ ಮುಗಿಸುವುದಿಲ್ಲ. ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಪಿನ್ನು ಹೊಡೆದದ್ದು ತಿಂಗಳೊಪ್ಪತ್ತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅಜ್ಜಿಯ ಹೆಸರು ಹಾಕುವ ಮುನ್ನ ಅವರನ್ನೇ ಕೇಳಿ. ಸಾಲದ ಮಾತು ಬೇಡ ಎಂದರೆ ಆ ಪುಟ ತೆಗೆಯಿರಿ.